ನಿನ್ನ ‘ಶಾಂತಲಾ’ ನನ್ನ ಹತ್ತಿರವೇ ಇದೆ

ಪ್ರೀತಿಯ ಗೆಳೆಯಾ,

ಮೊದಲು ಬೈದುಬಿಡು. ಕಾಲೇಜಿನಲ್ಲಿ ಒಂದು ವಾರಕ್ಕೆ ಅಂತ ನೀನು ಕೊಟ್ಟ ಕೆ.ವಿ. ಅಯ್ಯರ್ ಅವರ ಕಾದಂಬರಿ ‘ಶಾಂತಲಾ’ ಕಳೆದುಹೋಯ್ತು ಅಂದಿದ್ದೆನಲ್ಲ, ಕಳೆದಿರಲಿಲ್ಲ ಕಣೋ. ಅಟ್ಟದ ಮೇಲಿನ ಟ್ರಂಕಿನಲ್ಲಿತ್ತು. ಧೂಳು ಒರೆಸಿ ಸುಮ್ನೆ ನಾಲ್ಕು ಪುಟ ನೋಡೋಣ ಅಂತ ಕೂತವನು ಮೂರು ರಾತ್ರಿ ನಿದ್ದೆಗೆಟ್ಟು ಮುಗಿಸಿದೆ.

ಆಗ ನಮಗೆ ಬೇಕಾಗಿದ್ದದ್ದು ಹೊಯ್ಸಳ ದೊರೆ ಬಿಟ್ಟಿದೇವ, ಅದೇ ವಿಷ್ಣುವರ್ಧನ, ಮತ್ತು ಅವನ ರಾಣಿ ಶಾಂತಲೆಯ ಪ್ರೀತಿ ಮಾತ್ರ. ಶಾಂತಲೆಯ ಗೆಳತಿ ಲಕ್ಷ್ಮಿ ಬಂದರೆ ನಾನು ಪುಟ ಹಾರಿಸುತ್ತಿದ್ದೆ. ಈ ಸಲ ಅವಳಿಲ್ಲದ ಪುಟಗಳೇ ಸಪ್ಪೆ ಅನ್ನಿಸಿದವು. ಜೀವದ ಗೆಳತಿಯೇ ಸವತಿಯಾಗುತ್ತಾಳೆ, ಆದರೂ ಇಬ್ಬರ ನಡುವಿನ ಸಲಿಗೆ ಹೋಗುವುದಿಲ್ಲ. ಅಲ್ಲಲ್ಲಿ ಮಾತು ನಾಟಕದ ಥರ ಉದ್ದವಾಯಿತು, ನಿಜ. ಆದರೆ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಾ ಹುಡುಗರ ತೋಳು ಎದೆ ಬೆಳೆಸುತ್ತಿದ್ದ ಮನುಷ್ಯ ಇಬ್ಬರು ಹೆಂಗಸರ ಮನಸ್ಸನ್ನು ಇಷ್ಟು ಮೆತ್ತಗೆ ಬರೆದದ್ದು ಹೇಗೆ ಮಾರಾಯ?

ಹೋದ ವರ್ಷ ಶ್ರವಣಬೆಳಗೊಳಕ್ಕೆ ಹೋಗಿದ್ದೆ. ಗೊಮ್ಮಟನನ್ನು ನೋಡಿ ಇಳಿದು, ಕಾಲು ನೋಯುತ್ತಿದ್ದರೂ ಎದುರಿನ ಚಿಕ್ಕಬೆಟ್ಟವನ್ನೂ ಹತ್ತಿದೆ. ಅಲ್ಲಿ 1123ರಲ್ಲಿ ಶಾಂತಲೆಯೇ ಕಟ್ಟಿಸಿದ ಬಸದಿ ಇದೆ, ಹೆಸರು ಸವತಿಗಂಧವಾರಣ. ಸವತಿಯರ ಪಾಲಿಗೆ ಮದವೇರಿದ ಆನೆ ಅಂತ ಅರ್ಥ, ಅದು ಅವಳದೇ ಬಿರುದು! ಆಗ ನಕ್ಕು ಸುಮ್ಮನಾಗಿದ್ದೆ. ಈಗ ಕಾದಂಬರಿ ಓದುತ್ತಾ ಆ ಹೆಸರು ಮತ್ತೆ ಮತ್ತೆ ನೆನಪಾಯಿತು. ಕಲ್ಲಿನಲ್ಲಿ ಮದದಾನೆ, ಪುಸ್ತಕದಲ್ಲಿ ಗೆಳತಿಯನ್ನು ಬಿಟ್ಟಿರಲಾರದವಳು. ಯಾವುದು ನಿಜ ಅಂತ ಜಗಳಕ್ಕೆ ಬರಬೇಡ, ನನಗೆ ಇಬ್ಬರೂ ಬೇಕು. ಹೊರಗೆ ಆನೆ ಥರ ಇದ್ದು ಒಬ್ಬಳ ಮುಂದೆ ಮಾತ್ರ ಕರಗುವವರು ನಮ್ಮ ಮನೆಗಳಲ್ಲೂ ಇದ್ದಾರೆ, ಅಲ್ವಾ?

ಕೊನೆಯ ಪುಟಗಳನ್ನು ಅಂದು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಓದಿ ಅತ್ತಿದ್ದೆ, ನೀನು ವಾರವಿಡೀ ಗೇಲಿ ಮಾಡಿದ್ದೆ. ಮತ್ತೆ ಅತ್ತೆ, ಆದರೆ ಬೇರೆಯವರಿಗಾಗಿ. 1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು. ಬೆಟ್ಟದಿಂದ ಹಾರಿದಳು ಅಂತ ಅಲ್ಲಿಯ ಜನ ಈಗಲೂ ಜಾಗ ತೋರಿಸುತ್ತಾರೆ. ಆಮೇಲೆ ಅವಳ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಅನ್ನ ಬಿಟ್ಟು ಪ್ರಾಣ ಬಿಟ್ಟಳು, ಅದು ಅಲ್ಲಿನ ಶಾಸನದಲ್ಲೇ ಇದೆ. ಹತ್ತೊಂಬತ್ತರ ವಯಸ್ಸಿನಲ್ಲಿ ಈ ತಾಯಿಯ ನೆನಪು ನನಗೆ ಬರಲು ಸಾಧ್ಯವೇ ಇರಲಿಲ್ಲ. ಈಗ ಪುಸ್ತಕ ಮುಚ್ಚಿಟ್ಟು, ಪಕ್ಕದ ಕೋಣೆಯಲ್ಲಿ ಮಲಗಿದ್ದ ಮಗಳ ಹೊದಿಕೆ ಸರಿಮಾಡಿ ಬಂದೆ.

ಪುಸ್ತಕ ಇನ್ನೂ ಸ್ವಲ್ಪ ದಿನ ಇಲ್ಲೇ ಇರಲಿ. ನನ್ನವಳು ಶುರುಮಾಡಿದ್ದಾಳೆ, ಲಕ್ಷ್ಮಿಯ ಪುಟಗಳನ್ನು ಹಾರಿಸುತ್ತಿಲ್ಲ. ಈ ಸಲ ಒಂದು ವಾರ ಅಂತೆಲ್ಲ ಹೇಳಲಾರೆ.

ನಿನ್ನ ಹಳೇ ಸಾಲಗಾರ