ಮಸುಕಾದ ಫೋಟೋಗಳ ಕೆಲಸಕ್ಕೆ ಹೊಸ ದರ: ನಮ್ಮ ಗ್ರಾಹಕರಿಗೊಂದು ಪತ್ರ

ಮಾನ್ಯ ಗ್ರಾಹಕರೇ,

ಬರುವ ತಿಂಗಳ 1ನೇ ತಾರೀಖಿನಿಂದ, ಮಸುಕಾದ ಫೋಟೋಗಳನ್ನು ಸ್ಪಷ್ಟಗೊಳಿಸುವ ಕೆಲಸಕ್ಕೆ ಫೋಟೋ ಒಂದಕ್ಕೆ 150 ರೂಪಾಯಿ ಪಡೆಯಲಿದ್ದೇವೆ. ಇಷ್ಟು ದಿನ ಪ್ರಿಂಟಿನ ಹಣದಲ್ಲೇ ಮಾಡಿಕೊಡುತ್ತಿದ್ದೆವು. ಕಳೆದ ವಾರ ಮುಂಚಿತವಾಗಿ ತಿಳಿಸದೆ ಕೆಲವರ ಬಿಲ್ಲಿಗೆ ಇದನ್ನು ಸೇರಿಸಿದ್ದು ನಮ್ಮ ತಪ್ಪು, ಕ್ಷಮಿಸಿ. ಅಂಥವರು ಬಿಲ್ ತಂದರೆ ಆ ಹಣವನ್ನು ಹಿಂದಿರುಗಿಸುತ್ತೇವೆ.

ಆದರೆ ‘ಸ್ಟುಡಿಯೋದವರಿಗೆ ದುರಾಸೆ’ ಎಂಬ ಮಾತು ಕಿವಿಗೆ ಬಿದ್ದಾಗ ನೋವಾಯಿತು. ಫೋಟೋ ತಿದ್ದಲು ನಾವು ಬಳಸುವ ಫೋಟೋಶಾಪ್ ಎಂಬ ಸಾಫ್ಟ್‌ವೇರನ್ನು ಒಮ್ಮೆ ಕೊಂಡು ವರ್ಷಗಟ್ಟಲೆ ಬಳಸುವ ಕಾಲವೊಂದಿತ್ತು. 2013ರಿಂದ ಅದರ ಹೊಸ ಆವೃತ್ತಿಗಳು ಚಂದಾದಾರರಿಗೆ ಮಾತ್ರ ಸಿಗುತ್ತಿವೆ. ಮೇಲೆ ಶೇ 18ರಷ್ಟು ಜಿಎಸ್‌ಟಿ. ಮದುವೆಗಳೇ ಇಲ್ಲದ ಆಷಾಢದಲ್ಲೂ ಆ ಚಂದಾ ಹಣ ಕಟ್ಟಲೇಬೇಕು. ಈ ಪದ್ಧತಿ ನಾವು ತಂದದ್ದಲ್ಲ.

‘ಮೊಬೈಲ್ ಆ್ಯಪ್‌ನಲ್ಲಿ ಪುಕ್ಕಟೆಯಾಗಿ ಆಗುತ್ತದಲ್ಲ?’ ಎಂದು ದಿನಕ್ಕೊಬ್ಬರಾದರೂ ಕೇಳುತ್ತಾರೆ. ಅಂಥ ಹಲವು ಆ್ಯಪ್‌ಗಳು ಮಸುಕಾದ ಮುಖವನ್ನು ಸ್ಪಷ್ಟಗೊಳಿಸುವುದಿಲ್ಲ. ಬೇರೆ ಸಾವಿರಾರು ಮುಖಗಳಿಂದ ಕಲಿತದ್ದನ್ನು ಅದರ ಮೇಲೆ ಬರೆಯುತ್ತವೆ. ಇಲ್ಲದ ರೆಪ್ಪೆಗೂದಲು ಹುಟ್ಟುತ್ತದೆ, ಹಲ್ಲುಗಳು ಸಾಲಾಗಿ ನಿಲ್ಲುತ್ತವೆ. ಇತ್ತೀಚೆಗೆ ಒಂದು ಕುಟುಂಬ ತಂದೆಯ ಫೋಟೋವನ್ನು ಹಾಗೆಯೇ ಮಾಡಿಸಿ ಚೌಕಟ್ಟು ಹಾಕಿಸಲು ತಂದಿತ್ತು. ಹುಬ್ಬಿನ ಮೇಲೆ ಕತ್ತಿ ತಾಗಿ ಆಗಿದ್ದ ಗಾಯದ ಗುರುತೇ ಅದರಲ್ಲಿರಲಿಲ್ಲ. ಮಗಳು ಅದನ್ನು ಗಮನಿಸಿ ಕಣ್ಣೀರಿಟ್ಟರು. ಮೂಲ ಫೋಟೋ ತರಿಸಿಕೊಂಡು ಮತ್ತೆ ಮಾಡಿದೆವು.

ನಾವು ಮಾಡುವುದು ಇದ್ದದ್ದನ್ನು ಎತ್ತಿ ತೋರಿಸುವ ಕೆಲಸ. ಅಂಚಿನ ಕಪ್ಪನ್ನು ತುಸು ಗಾಢವಾಗಿಸಿ, ಪಕ್ಕದ ಬೆಳಕನ್ನು ತುಸು ಹೆಚ್ಚಿಸಿದರೆ ಕಣ್ಣಿಗೆ ಗೆರೆ ಚೂಪಾಗಿ ಕಾಣುತ್ತದೆ. ಫಿಲ್ಮ್ ಕಾಲದಲ್ಲಿ ಫೋಟೋ ತೊಳೆಯುತ್ತಿದ್ದ ನಮ್ಮ ಹಳೆಯ ಡಾರ್ಕ್‌ರೂಮ್ ನೋಡಿದವರಿಗೆ ಇದು ಹೊಸದಲ್ಲ. ಈ ಕೆಲಸಕ್ಕೆ ಫೋಟೋಶಾಪ್‌ನಲ್ಲಿರುವ ‘ಅನ್‌ಶಾರ್ಪ್ ಮಾಸ್ಕ್’ ಎಂಬ ಸಾಧನದ ಹೆಸರೇ ಅಲ್ಲಿಂದ ಬಂದದ್ದು. ಅತಿಯಾದರೆ ಕೂದಲಿನ ಸುತ್ತ ಬಿಳಿ ಗೆರೆ ಏಳುತ್ತದೆ, ಕೆನ್ನೆ ಮರಳಿನಂತಾಗುತ್ತದೆ. ಆದ್ದರಿಂದ ಚರ್ಮವನ್ನು ಬಿಟ್ಟು ಕಣ್ಣು, ಹುಬ್ಬು, ಸೀರೆಯ ಅಂಚನ್ನು ಒಂದೊಂದಾಗಿ, ಚಿತ್ರವನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸಿಕೊಂಡು ತಿದ್ದುತ್ತೇವೆ. ಒಂದು ಗುಂಪಿನ ಫೋಟೋ ಅರ್ಧ ದಿನವನ್ನೇ ನುಂಗುತ್ತದೆ.

ಕೈ ಬಹಳ ಅಲುಗಾಡಿ ಗೆರೆಗಳು ಜೋಡಿಯಾಗಿ ಮೂಡಿದ್ದರೆ ನಮ್ಮಿಂದಲೂ ಹೆಚ್ಚೇನೂ ಆಗದು. ಅದನ್ನು ಹಣ ಪಡೆಯುವ ಮೊದಲೇ ಹೇಳುತ್ತೇವೆ. ದಯವಿಟ್ಟು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗ ಫೋಟೋ ಎಂದು ಕಳುಹಿಸದೆ ‘ಡಾಕ್ಯುಮೆಂಟ್’ ಎಂದು ಕಳುಹಿಸಿ. ಇಲ್ಲವಾದರೆ ಅದು ಚಿತ್ರವನ್ನು ಹಿಂಡಿ ಕಳುಹಿಸುತ್ತದೆ. ಆಗ ಚೂಪು ಮಾಡಿದಷ್ಟೂ ಚೌಕಗಳೇ ಎದ್ದು ಕಾಣುತ್ತವೆ.

ತೀರಿಕೊಂಡವರ ಫೋಟೋಗಳಿಗೆ ಈ 150 ರೂಪಾಯಿ ಅನ್ವಯಿಸುವುದಿಲ್ಲ. ಅವುಗಳನ್ನು ಮೊದಲಿನಂತೆ ಪ್ರಿಂಟಿನ ದರದಲ್ಲೇ, ವೈಕುಂಠ ಸಮಾರಾಧನೆಯ ಹಿಂದಿನ ದಿನದೊಳಗೆ ಕೊಡುತ್ತೇವೆ. ಮನೆಯವರು ಬಂದು ಪರದೆಯ ಮೇಲೆ ನೋಡಿ, ‘ಹೌದು, ಇವರೇ’ ಎಂದ ನಂತರವೇ ಪ್ರಿಂಟ್ ಹಾಕುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಸ್ಟುಡಿಯೋದ ಪರವಾಗಿ