ಸ್ಲೇಟ್ ದ್ವೀಪಗಳ ಕಡಲಸುತ್ತು: ನೆರವಾದವರಿಗೆಲ್ಲ ನಮ್ಮ ನಮಸ್ಕಾರ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ಓಬನ್ ಪಟ್ಟಣದ ದಕ್ಷಿಣಕ್ಕೆ ಸ್ಲೇಟ್ ದ್ವೀಪಗಳಿವೆ. ಅವುಗಳ ಆಚೆ ಗಾರ್ವೆಲಖ್ ದ್ವೀಪಗಳು, ಸ್ಕಾರ್ಬಾ, ಜುರಾದ ಉತ್ತರ ತುದಿ. ಇಷ್ಟನ್ನೂ ಕಿರಿದಾದ ಹುಟ್ಟುದೋಣಿಯಾದ ಕಯಾಕ್‌ನಲ್ಲಿ ಸುತ್ತಿ, ರಾತ್ರಿ ದಂಡೆಯ ಮೇಲೆ ಡೇರೆ ಹಾಕಿಕೊಂಡು, ನಮ್ಮ ತಂಡದ ಎಲ್ಲರೂ ಕ್ಷೇಮವಾಗಿ ಮರಳಿದ್ದೇವೆ. ಇದರ ಹಿಂದೆ ಬಹಳ ಜನರ ಕೆಲಸವಿದೆ. ಅವರಲ್ಲಿ ಹೆಚ್ಚಿನವರ ಮುಖವನ್ನೂ ನಾವು ಕಂಡಿಲ್ಲ. ಬರಿ ಧನ್ಯವಾದ ಎಂದು ಬರೆದರೆ ಅವರು ಮಾಡಿದ್ದು ಏನೆಂದು ಯಾರಿಗೂ ತಿಳಿಯುವುದಿಲ್ಲ, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇವೆ. ಬ್ರಿಟನ್ನಿನಲ್ಲಿರುವ ಕನ್ನಡಿಗರು ಯಾರಾದರೂ ಮುಂದೆ ಆ ಕಡೆ ಹುಟ್ಟು ಹಾಕಲು ಹೊರಟರೆ ಅವರಿಗೂ ಉಪಯೋಗವಾದೀತು.

ಮೊದಲ ನಮಸ್ಕಾರ ಕಡಲನ್ನು ಅಳೆದು ನಕ್ಷೆ ಮಾಡಿದವರಿಗೆ. ಬ್ರಿಟನ್ನಿನ ಹೈಡ್ರೋಗ್ರಾಫಿಕ್ ಆಫೀಸ್ 1795ರಿಂದ ಈ ಕೆಲಸ ಮಾಡುತ್ತಾ ಬಂದಿದೆ. ಅಡ್ಮಿರಾಲ್ಟಿ ನಕ್ಷೆ, ಓಬನ್ನಿನ ಉಬ್ಬರ-ಇಳಿತದ ಪಟ್ಟಿ, ಜೊತೆಗೆ ಎನ್‌ಪಿ 218 ಎಂಬ ಹರಿವಿನ ಪುಸ್ತಕ. ಈ ಮೂರೂ ಇಲ್ಲದೆ ಇಲ್ಲಿ ನೀರಿಗಿಳಿಯುವ ಮಾತೇ ಇಲ್ಲ. ಪುಸ್ತಕದಲ್ಲಿ ಉಬ್ಬರಕ್ಕೆ ಮೊದಲಿನ ಮತ್ತು ನಂತರದ ಪ್ರತಿ ಗಂಟೆಗೆ ಒಂದೊಂದು ಪುಟ; ನೀರು ಯಾವ ಕಡೆಗೆ, ಎಷ್ಟು ವೇಗದಲ್ಲಿ ಹೋಗುತ್ತದೆ ಎಂದು ಬಾಣದ ಗುರುತು ಹಾಕಿ ತೋರಿಸಿರುತ್ತಾರೆ.

ಜುರಾದ ಪೂರ್ವಕ್ಕಿರುವ ಜಲಸಂಧಿಯಲ್ಲಿ ನೀರು ಏರುವ ಹೊತ್ತು, ಏರುವ ಎತ್ತರ ಎರಡೂ ಪಶ್ಚಿಮದ ತೆರೆದ ಕಡಲಿಗಿಂತ ಬೇರೆ. ಹಾಗಾಗಿ ದ್ವೀಪಸಾಲಿನ ಒಂದು ಬದಿಯಲ್ಲಿ ನೀರು ಎತ್ತರ, ಇನ್ನೊಂದು ಬದಿಯಲ್ಲಿ ತಗ್ಗು. ಕೆರೆಯ ತೂಬು ಎತ್ತಿದ ಹಾಗೆ ದ್ವೀಪಗಳ ನಡುವಿನ ಸಂದಿಗಳಲ್ಲಿ ನೀರು ನುಗ್ಗುತ್ತದೆ. ಕುವಾನ್ ಸಂದಿಯಲ್ಲಿ ಅದು 7 ನಾಟ್‌ವರೆಗೂ ಹೋಗುತ್ತದೆ, ಅಂದರೆ ಗಂಟೆಗೆ 13 ಕಿ.ಮೀ. ಜುರಾ ಮತ್ತು ಸ್ಕಾರ್ಬಾದ ನಡುವಿನ ಕೊರಿವ್ರೆಕನ್‌ನಲ್ಲಿ 8.5 ನಾಟ್. ಸಾಮಾನು ತುಂಬಿದ ಕಯಾಕ್ ದಿನವಿಡೀ ನಡೆಯುವುದು 3 ನಾಟ್ ವೇಗದಲ್ಲಿ, ಗಂಟೆಗೆ ಐದೂವರೆ ಕಿ.ಮೀ. ಹರಿವಿನ ಎದುರು ತೋಳ್ಬಲ ನಡೆಯುವುದಿಲ್ಲ. ನಡೆಯುವುದು ಗಡಿಯಾರದ ಲೆಕ್ಕವೊಂದೇ.

ಆ ಲೆಕ್ಕವನ್ನು ನಮಗೆ ತಾಳ್ಮೆಯಿಂದ ಕಲಿಸಿದ ತರಬೇತುದಾರರಿಗೆ ಎರಡನೆಯ ನಮಸ್ಕಾರ. ಅವರು ಹೇಳಿಕೊಟ್ಟದ್ದು ಹೀಗೆ. ಹರಿವು ನಿಂತ ಕ್ಷಣದಿಂದ ಒಂದು ಗಂಟೆಗೆ ಗರಿಷ್ಠ ವೇಗದ ಅರ್ಧ ಬಂದಿರುತ್ತದೆ, ಎರಡು ಗಂಟೆಗೆ ಶೇಕಡಾ 90, ಮೂರಕ್ಕೆ ಪೂರ್ತಿ. ಆಮೇಲೆ ಅದೇ ಕ್ರಮದಲ್ಲಿ ಇಳಿದು, ಆರನೆಯ ಗಂಟೆಗೆ ಮತ್ತೆ ನಿಲ್ಲುತ್ತದೆ. 6 ನಾಟ್ ಹರಿಯುವ ಸಂದಿಯಾದರೆ ಒಂದೇ ಗಂಟೆಯಲ್ಲಿ ಹರಿವು ಕಯಾಕ್‌ನ ವೇಗಕ್ಕೆ ಸಮನಾಯಿತು. ಅದರ ನಂತರ ಎದುರು ಹುಟ್ಟು ಹಾಕಿದರೆ ನಿಂತಲ್ಲೇ ನಿಲ್ಲುತ್ತೀರಿ. ಹುಣ್ಣಿಮೆ, ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ, ಅಂದರೆ ಬಿದಿಗೆಯ ಹೊತ್ತಿಗೆ ಹರಿವಿನ ಜೋರು ಹೆಚ್ಚು. ಅಷ್ಟಮಿ ಕಳೆದು ದಶಮಿಯ ಹೊತ್ತಿಗೆ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಈ ದ್ವೀಪಗಳಿಗೆ ಮೊದಲ ಸಲ ಹೋಗುವವರು ರಜೆಯನ್ನು ದಶಮಿಗೆ ಹೊಂದಿಸಿಕೊಳ್ಳಬೇಕು. ಮನೆಯ ಪಂಚಾಂಗ ನೋಡಿಯೇ ತಿಂಗಳುಗಟ್ಟಲೆ ಮೊದಲು ವಾರವನ್ನು ಗೊತ್ತುಮಾಡಬಹುದು, ನಿಖರ ಸಮಯಕ್ಕೆ ಮಾತ್ರ ಓಬನ್ ಪಟ್ಟಿಯೇ ಬೇಕು.

ಪಟ್ಟಿ ನೋಡುವಾಗ ಎರಡು ಕಡೆ ಜನ ಎಡವುತ್ತಾರೆ. ಅಚ್ಚಾದ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಗ್ರೀನಿಚ್ ಸಮಯ ಇರುತ್ತದೆ, ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಅದಕ್ಕೆ ಒಂದು ಗಂಟೆ ಕೂಡಿಸಬೇಕು. ಕೂಡಿಸದಿದ್ದರೆ ಹರಿವು ನಿಂತಿದೆ ಎಂದುಕೊಂಡು ಹೋದ ಕಡೆ ಅರ್ಧ ವೇಗದ ನೀರು ಕಾದಿರುತ್ತದೆ. ಇನ್ನೊಂದು, ದಡದಲ್ಲಿ ನೀರು ಪೂರ್ತಿ ಏರಿದ ಹೊತ್ತಿಗೇ ಸಂದಿಯ ಹರಿವೂ ನಿಲ್ಲುತ್ತದೆ ಎಂಬ ಎಣಿಕೆ. ಇಲ್ಲಿ ಹಾಗಾಗುವುದಿಲ್ಲ. ಒಂದೊಂದು ಸಂದಿಗೂ ಓಬನ್ ಉಬ್ಬರಕ್ಕೆ ಇಷ್ಟು ಗಂಟೆ ಮೊದಲು, ಇಷ್ಟು ಗಂಟೆ ನಂತರ ಎಂದು ಬೇರೆಯೇ ಲೆಕ್ಕ ಇರುತ್ತದೆ. ಗಾಳಿಯ ಒತ್ತಡದಿಂದ ಅದೂ ಹಿಂದುಮುಂದಾಗಬಹುದು. ಆದ್ದರಿಂದ ಅರ್ಧ ಗಂಟೆ ಮೊದಲೇ ಹೋಗಿ, ಸುಳಿನೀರಿನ ಮರೆಯಲ್ಲಿ ಕಾದು, ಏಡಿ ಹಿಡಿಯುವ ಬುಟ್ಟಿಗಳ ತೇಲುಗುಂಡುಗಳನ್ನು ನೋಡುತ್ತಾ ಇರಬೇಕು. ಹಗ್ಗ ಬಿಗಿಯಾಗಿ ಓರೆಯಾಗಿದ್ದರೆ ಹರಿವು ಇನ್ನೂ ಇದೆ. ಹಗ್ಗ ಸಡಿಲಗೊಂಡು ಗುಂಡು ತನ್ನ ಜಾಗದಲ್ಲೇ ಮೆಲ್ಲಗೆ ತಿರುಗತೊಡಗಿದರೆ ಹೊರಡಬಹುದು. ಆ ಗುಂಡುಗಳನ್ನು ಅಲ್ಲಿ ಕಟ್ಟಿರುವ ಮೀನುಗಾರರಿಗೂ ನಾವು ಋಣಿಗಳು.

ಕೊರಿವ್ರೆಕನ್ ಬಗ್ಗೆ ಇನ್ನೊಂದು ಮಾತು. ಆಳ 200 ಮೀಟರಿಗೂ ಮಿಕ್ಕ ಗುಂಡಿಯ ಪಕ್ಕದಲ್ಲಿ ಬಂಡೆಯ ಗೋಪುರವೊಂದು ಮೇಲ್ಮೈಗಿಂತ ಸುಮಾರು 30 ಮೀಟರ್ ಕೆಳಗಿನವರೆಗೆ ಎದ್ದು ನಿಂತಿದೆ. ಅದಕ್ಕೆ ಬಡಿದ ನೀರು ಮೇಲಕ್ಕೆ ಚಿಮ್ಮುವುದರಿಂದಲೇ ಸುಳಿ ಏಳುವುದು. ಈ ಬಂಡೆ ಸ್ಕಾರ್ಬಾದ ಬದಿಗಿದೆ, ಆದ್ದರಿಂದ ದಾಟುವವರು ಜುರಾದ ಬದಿ ಹಿಡಿಯುತ್ತಾರೆ. ಉಬ್ಬರದ ಹರಿವು ಇಲ್ಲಿ ಪಶ್ಚಿಮಕ್ಕೆ ಓಡುತ್ತದೆ. ಆಗ ಪಶ್ಚಿಮದಿಂದ ಗಾಳಿಯೋ ದೊಡ್ಡ ಅಲೆಯೋ ಎದುರಾದರೆ ಸಂದಿಯ ಹೊರಗೆ ಮೈಲಿಗಟ್ಟಲೆ ನೀರು ಕಡಿದಾಗಿ ಎದ್ದು ಒಡೆಯುತ್ತದೆ. ಹರಿವು ನಿಂತಿರುವ ಹೊತ್ತು, ದಶಮಿಯ ಆಸುಪಾಸು, ಸಣ್ಣ ಗಾಳಿ, ಹೊರಗಡಲಿನಿಂದ ಅಲೆ ಇಲ್ಲ. ಈ ನಾಲ್ಕೂ ಕೂಡಿದರೆ ಮಾತ್ರ ಹೋಗಿ, ಒಂದು ತಪ್ಪಿದರೂ ಬಿಡಿ. ಸ್ಕಾರ್ಬಾದ ಉತ್ತರಕ್ಕಿರುವ ಗ್ರೇ ಡಾಗ್ಸ್ ಎಂಬ ಕಿರಿದಾದ ಸಂದಿಗೂ ಇದೇ ನಿಯಮ.

ಅಡ್ಡ ಹರಿವಿನಲ್ಲಿ ದಾಟುವ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇವೆ. ಬೆಲ್ನಹೂವ ದ್ವೀಪದ ನೀರು ತುಂಬಿದ ಸ್ಲೇಟ್ ಗಣಿಯ ದಂಡೆಯಿಂದ ಗಾರ್ವೆಲಖ್‌ಗೆ ಸುಮಾರು 5 ಕಿ.ಮೀ. ಒಂದೂವರೆ ನಾಟ್ ಹರಿವು ಅಡ್ಡ ಬರುತ್ತಿದ್ದರೆ ಮೂತಿಯನ್ನು 30 ಡಿಗ್ರಿ ಹರಿವಿನ ಎದುರಿಗೆ ತಿರುಗಿಸಿ ಹುಟ್ಟು ಹಾಕಬೇಕು, ಆಗ ಮುನ್ನಡೆಯ ವೇಗ 3ರಿಂದ 2.6 ನಾಟ್‌ಗೆ ಇಳಿಯುತ್ತದೆ. ದಿಕ್ಸೂಚಿಗಿಂತ ಚೆನ್ನಾಗಿ ಸರಿ-ತಪ್ಪು ಹೇಳುವುದು ಎದುರು ದಡದ ಎರಡು ಗುರುತುಗಳು: ಮುಂದೊಂದು ಬಂಡೆ, ಅದರ ಹಿಂದೆ ಗುಡ್ಡದ ಏಣು. ಎರಡೂ ಒಂದೇ ಗೆರೆಯಲ್ಲಿ ನಿಂತಿದ್ದರೆ ದಾರಿ ಸರಿ. ಬಂಡೆ ಎಡಕ್ಕೆ ಸರಿದಂತೆ ಕಂಡರೆ ನೀವು ಬಲಕ್ಕೆ ಕೊಚ್ಚಿಹೋಗುತ್ತಿದ್ದೀರಿ.

ಕೋಸ್ಟ್‌ಗಾರ್ಡ್ ಸಿಬ್ಬಂದಿಗೆ ನಮ್ಮ ಹೃತ್ಪೂರ್ವಕ ವಂದನೆ. ಹವಾಮಾನ ಇಲಾಖೆ ಕೊಡುವ ಕರಾವಳಿ ಮುನ್ಸೂಚನೆಯನ್ನು ಅವರು ಮೂರು ಗಂಟೆಗೊಮ್ಮೆ ವಿಎಚ್‌ಎಫ್ ರೇಡಿಯೊದಲ್ಲಿ ಓದುತ್ತಾರೆ. 16ನೇ ಚಾನೆಲ್‌ನಲ್ಲಿ ಮೊದಲು ಸೂಚನೆ, ಆಮೇಲೆ ಅವರು ಹೇಳಿದ ಚಾನೆಲ್‌ಗೆ ತಿರುಗಿಸಿಕೊಳ್ಳಬೇಕು. ಈ ದ್ವೀಪಗಳಿಗೆ ಸಂಬಂಧಿಸಿದ ಭಾಗದ ಹೆಸರು "ಮಲ್ ಆಫ್ ಕಿನ್‌ಟೈರ್‌ನಿಂದ ಆರ್ಡ್‌ನಮರ್ಕನ್ ಪಾಯಿಂಟ್‌ವರೆಗೆ". ಗಾಳಿಯ ಜೋರನ್ನು ಅಳೆಯುವ ಬ್ಯೂಫೋರ್ಟ್ ಮಾಪಕದಲ್ಲಿ 4, ಅಂದರೆ 11ರಿಂದ 16 ನಾಟ್ ಗಾಳಿ, ಸಾಮಾನು ತುಂಬಿದ ತಂಡಕ್ಕೆ ಮಿತಿ ಎಂದು ನಾವು ಇಟ್ಟುಕೊಂಡಿದ್ದೇವೆ. 5 ಎಂದರೆ ಆ ದಿನ ಡೇರೆಯಲ್ಲೇ. ಹಾಗೆ ಕೂರಲು ಯೋಜನೆಯಲ್ಲಿ ಬಿಡುವಿನ ದಿನಗಳು ಇರಲೇಬೇಕು. ಇಲ್ಲದಿದ್ದರೆ ಸೋಮವಾರ ಆಫೀಸಿದೆ ಎಂಬ ಒಂದೇ ಕಾರಣಕ್ಕೆ ಜನ ಕೆಟ್ಟ ಗಾಳಿಯಲ್ಲಿ ಹೊರಟುಬಿಡುತ್ತಾರೆ.

ಕೈಯಲ್ಲಿ ಹಿಡಿಯುವ ರೇಡಿಯೊಗೂ ಬ್ರಿಟನ್ನಿನ ಸಂವಹನ ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್ ಪರವಾನಗಿ ಬೇಕು. ಆನ್‌ಲೈನ್‌ನಲ್ಲಿ ಪಡೆದರೆ ಅದು ಉಚಿತ. ಬಳಸುವವರು ಒಂದು ಸಣ್ಣ ಪರೀಕ್ಷೆಯನ್ನೂ ಪಾಸು ಮಾಡಿರಬೇಕು. ದೊಡ್ಡ ದಾಟುವಿಕೆಗೆ ಮೊದಲು ಎಷ್ಟು ಜನ, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಕೋಸ್ಟ್‌ಗಾರ್ಡ್‌ಗೆ ತಿಳಿಸಿ, ದಡ ಸೇರಿದ ಕೂಡಲೇ ಮತ್ತೆ ಕರೆದು "ತಲುಪಿದೆವು" ಎನ್ನಬೇಕು. ಈ ಎರಡನೆಯ ಕರೆಯನ್ನು ಮರೆತರೆ ಕ್ಷೇಮವಾಗಿರುವವರನ್ನು ಹುಡುಕಲು ಲೈಫ್‌ಬೋಟ್ ಹೊರಡಬೇಕಾದೀತು. ಆ ಲೈಫ್‌ಬೋಟ್ ನಡೆಸುವ ಆರ್‌ಎನ್‌ಎಲ್‌ಐ 1824ರಲ್ಲಿ ಶುರುವಾದ ಸಂಸ್ಥೆ. ಅದು ನಡೆಯುವುದು ಬಹುಮಟ್ಟಿಗೆ ದೇಣಿಗೆಯಿಂದ, ಸಿಬ್ಬಂದಿಯಲ್ಲಿ ಬಹುಪಾಲು ಸ್ವಯಂಸೇವಕರು. ನಮ್ಮ ತಂಡದ ದೇಣಿಗೆ ಅವರಿಗೆ ಸಂದಿದೆ. ಓದಿದವರೂ ಕೈಲಾದಷ್ಟು ಕೊಡಬೇಕೆಂದು ಕೇಳಿಕೊಳ್ಳುತ್ತೇವೆ.

ಆರ್‌ಎನ್‌ಎಲ್‌ಐಯವರಿಂದಲೇ ಕಲಿತ ಇನ್ನೊಂದು ಸಂಗತಿ ತಣ್ಣೀರಿನದು. ಮಲ್ಪೆ, ಕಾರವಾರದ ಬೆಚ್ಚಗಿನ ಕಡಲಲ್ಲಿ ಈಜಿದವರು ಇದನ್ನು ಗಮನವಿಟ್ಟು ಓದಬೇಕು. ಇಲ್ಲಿಯ ನೀರು ಮೇ ತಿಂಗಳಲ್ಲಿ 10 ಡಿಗ್ರಿಯ ಆಸುಪಾಸು, ಬೇಸಿಗೆಯ ಕೊನೆಗೂ 13-14 ದಾಟುವುದು ಅಪರೂಪ. ಬಿದ್ದ ತಕ್ಷಣ ಉಸಿರು ತನ್ನಷ್ಟಕ್ಕೆ ಎಳೆದುಕೊಳ್ಳುತ್ತದೆ. ಆಗ ಒದ್ದಾಡದೆ, ಬೆನ್ನ ಮೇಲೆ ತೇಲುತ್ತಾ ಉಸಿರು ಹತೋಟಿಗೆ ಬರುವವರೆಗೆ ಕಾಯಬೇಕು, ಒಂದೆರಡು ನಿಮಿಷದ ಮಾತು. ಆಮೇಲೆ ಬೆರಳುಗಳು ಹಿಡಿತ ಕಳೆದುಕೊಳ್ಳುವ ಮೊದಲು ದೋಣಿಗೆ ಹತ್ತಬೇಕು. ಆದ್ದರಿಂದ ಬಿಸಿಲಿದ್ದರೂ ಒಳಗೆ ನೀರು ಬಿಡದ ಡ್ರೈಸೂಟ್ ಉಡುಪು. ಜಿಪ್ಪನ್ನು ಕೊನೆಯ ಹಲ್ಲಿನವರೆಗೆ ಎಳೆದಿದೆಯೇ ಎಂದು ಪಕ್ಕದವರು ನೋಡಿ ಹೇಳಬೇಕು; ಒಂದು ಸೆಂಟಿಮೀಟರ್ ತೆರೆದಿದ್ದರೂ ಒಳಗೆ ನೀರು ತುಂಬುತ್ತದೆ. ಹಾಕಿಕೊಂಡ ಮೇಲೆ ಕುಕ್ಕರುಗಾಲಲ್ಲಿ ಕೂತು, ಕುತ್ತಿಗೆಯ ಪಟ್ಟಿಯನ್ನು ಬೆರಳಿಂದ ಸಡಿಲಿಸಿ ಒಳಗಿನ ಗಾಳಿಯನ್ನು ಹೊರಗೆ ಬಿಡಬೇಕು.

ದೋಣಿ ತುಂಬುವ ಕಲೆಯನ್ನು ಕಲಿಸಿದ ಹಿರಿಯ ಕಯಾಕಿಗರಿಗೂ ವಂದನೆ. 5 ಮೀಟರ್ ದೋಣಿಯಲ್ಲಿ ಸಾಮಾನು ಇಳಿಸುವ ಹ್ಯಾಚ್ ಬಾಯಿ ಚಿಕ್ಕದು, ದೊಡ್ಡ ಚೀಲ ಒಳಗೆ ಹೋಗುವುದಿಲ್ಲ. 8ರಿಂದ 13 ಲೀಟರಿನ, ನೀರು ಹೋಗದ ಡ್ರೈಬ್ಯಾಗ್‌ಗಳೇ ಸರಿ. ಮಲಗುವ ಚೀಲದಂಥ ಹಗುರವಾದವು ಎರಡೂ ತುದಿಗಳಿಗೆ, ನೀರು, ಆಹಾರದಂಥ ಭಾರವಾದವು ತಳಕ್ಕೆ, ಕೂರುವ ಜಾಗದ ಹತ್ತಿರಕ್ಕೆ. ಮೂತಿ ಭಾರವಾದರೆ ಗಾಳಿಗೆ ದೋಣಿ ತಾನಾಗಿ ತಿರುಗುತ್ತದೆ. ನೀರು ಒಬ್ಬರಿಗೆ ದಿನಕ್ಕೆ 4 ಲೀಟರ್, ಅಡುಗೆಯೂ ಸೇರಿ. ತುಂಬಿದ ದೋಣಿ 60 ಕಿಲೋ ದಾಟುತ್ತದೆ, ಪಾಚಿ ಬೆಳೆದ ಕಲ್ಲಿನ ಮೇಲೆ ಅದನ್ನು ಇಬ್ಬರೇ ಎತ್ತಿದರೆ ಸೊಂಟ ಹೋಗುತ್ತದೆ. ಹೊಟ್ಟೆಯಡಿ ಎರಡು ಪಟ್ಟಿ ಹಾಯಿಸಿ ನಾಲ್ವರು ಎತ್ತಬೇಕು. ಸಾಮಾನಿಗೆ ಐಕಿಯಾದ ನೀಲಿ ಚೀಲವೇ ಸಾಕು, ಖಾಲಿಯಾದಾಗ ಮಡಚಿ ಒಳಗಿಡಬಹುದು.

ಇಲ್ಲಿಯ ದಂಡೆಗಳಲ್ಲಿ ಮಾಮೂಲಾಗಿ ಕೆಡುವುದು ಸ್ಕೆಗ್. ಹಿಂಬದಿಯ ತಳದಲ್ಲಿ ಇಳಿಯುವ ಈ ರೆಕ್ಕೆಯ ಸಂದಿಗೆ ಚಪ್ಪಟೆ ಸ್ಲೇಟ್ ಚೂರು ಸಿಕ್ಕಿಕೊಳ್ಳುತ್ತದೆ. ಆಗ ರೆಕ್ಕೆ ಇಳಿಸುವ ಗುಬುಟನ್ನು ಜೋರಾಗಿ ತಳ್ಳಿದರೆ ತಂತಿ ಬಾಗಿ ಪೂರ್ತಿ ಹಾಳು. ರೆಕ್ಕೆಯ ತುದಿಗೆ ತೂತು ಮಾಡಿ ಒಂದು ಸಣ್ಣ ದಾರದ ಕುಣಿಕೆ ಕಟ್ಟಿಟ್ಟರೆ ನೀರಲ್ಲಿರುವಾಗಲೇ ಜೊತೆಯವರು ಎಳೆದು ಬಿಡಿಸಬಹುದು. ತಳ ಒಡೆದರೆ ಮಾಮೂಲಿ ಟೇಪು ಹಸಿಯ ಮೇಲೆ ಹಿಡಿಯುವುದಿಲ್ಲ. ಮನೆ ಸೂರಿಗೆ ಹಾಕುವ ಡಾಂಬರಿನ ಅಂಟುಪಟ್ಟಿ ಒಯ್ಯಿರಿ, ಜಾಗವನ್ನು ಒರೆಸಿ, ಸ್ಟೋವ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ ಒತ್ತಬೇಕು.

ಡೇರೆ ಹಾಕಲು ಯಾರ ಅನುಮತಿಗೂ ಅಲೆಯಬೇಕಾಗಲಿಲ್ಲ ಎಂದರೆ ಅದು ಸ್ಕಾಟ್ಲೆಂಡಿನ ಸಂಸತ್ತು 2003ರಲ್ಲಿ ಮಾಡಿ, 2005ರ ಫೆಬ್ರವರಿಯಲ್ಲಿ ಜಾರಿಗೆ ತಂದ ಭೂಸುಧಾರಣಾ ಕಾಯಿದೆಯ ಕೃಪೆ. ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರಿಗೂ ನೆಲ-ಜಲಗಳ ಮೇಲೆ ಓಡಾಡುವ ಹಕ್ಕು ಅದರಲ್ಲಿದೆ. ಸಣ್ಣ ಗುಂಪು, ಒಂದು ಕಡೆ ಎರಡು ಮೂರು ರಾತ್ರಿಗಿಂತ ಹೆಚ್ಚಿಲ್ಲ, ಮನೆಗಳಿಂದ, ಪುರಾತನ ಕಟ್ಟಡಗಳಿಂದ ದೂರ, ಬಹಿರ್ದೆಸೆ ನೀರಿನಿಂದ 30 ಮೀಟರ್ ಆಚೆ ಗುಂಡಿ ತೋಡಿ. ಇಂಥ ಹಕ್ಕು ಇಂಗ್ಲೆಂಡಿನಲ್ಲಿ ಇಲ್ಲ. ಇದನ್ನು ಉಳಿಸಿಕೊಳ್ಳುವುದು ಅಲ್ಲಿಗೆ ಹೋಗುವ ನಮ್ಮೆಲ್ಲರ ನಡತೆಯ ಮೇಲಿದೆ. ಗಾರ್ವೆಲಖ್ ಸಾಲಿನ ಎಯ್ಲಖ್ ಅನ್ ನೂವ್‌ನಲ್ಲಿ ಜೇನುಗೂಡಿನಾಕಾರದ ಕಲ್ಲಿನ ಕುಟೀರಗಳಿವೆ, ಆದಿಕಾಲದ ಕ್ರೈಸ್ತ ಸನ್ಯಾಸಿಗಳದ್ದು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲನ್ನು ಒಳಕ್ಕೆ ಚಾಚುತ್ತಾ ಕಟ್ಟಿದ್ದು. ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಅದನ್ನು ಕಾಪಾಡಿಕೊಂಡು ಬಂದಿದೆ, ಅವರಿಗೂ ನಮಸ್ಕಾರ. ಗೋಡೆ ಹತ್ತಬೇಡಿ, ಡೇರೆಯನ್ನು ದೂರ ಹಾಕಿ. ಸೀಲ್‌ಗಳು ಮಲಗಿರುವ ಬಂಡೆಗೆ ಹತ್ತಿರ ಹೋಗಬೇಡಿ. ಜೂನ್-ಜುಲೈ ಮರಿ ಹಾಕುವ ಕಾಲ, ತಲೆ ಎತ್ತಿ ನೋಡಿದವೆಂದರೆ ಆಗಲೇ ಹತ್ತಿರವಾಯಿತು.

ಮಿಜ್ ಎಂಬ ಸಣ್ಣ ನೊಣಗಳ ಬಗ್ಗೆ ಎಚ್ಚರಿಸಿದವರಿಗೆ ಧನ್ಯವಾದ. ಗಾಳಿ ಗಂಟೆಗೆ 11 ಕಿ.ಮೀ. ದಾಟಿದರೆ ಅವು ಹಾರಲಾರವು, ಹಾಗಾಗಿ ಡೇರೆಗೆ ಮರೆಗಿಂತ ಗಾಳಿ ಬೀಸುವ ಚಾಚು ಲೇಸು. ತಲೆಗೆ ಬಲೆ ಬೇಕೇ ಬೇಕು. ಜರಿಗಿಡದಲ್ಲಿ ಓಡಾಡಿದ ದಿನ ರಾತ್ರಿ ಉಣ್ಣಿ ಹತ್ತಿದೆಯೇ ಎಂದು ಮೈಯೆಲ್ಲ ನೋಡಿಕೊಳ್ಳಿ, ಲೈಮ್ ರೋಗ ಬರುವುದು ಅದರಿಂದ. ಒಗ್ಗರಣೆ ಹಾಕಿ ಹುರಿದ ರವೆಯನ್ನು ಕಟ್ಟಿಕೊಟ್ಟ ಮನೆಯವರಿಗೆ ಪ್ರತ್ಯೇಕ ವಂದನೆ. ಒಂದು ಲೋಟಕ್ಕೆ ಎರಡೂವರೆ ಲೋಟ ಕುದಿನೀರು, ಮುಚ್ಚಿ ಐದು ನಿಮಿಷ. ಗ್ಯಾಸೂ ಉಳಿಯಿತು, ಹೊಟ್ಟೆಯೂ ತುಂಬಿತು.

ಕೊನೆಯದಾಗಿ, ದಡದಲ್ಲಿ ನಮ್ಮ ದಿನದ ದಾರಿಯನ್ನು ಬರೆದಿಟ್ಟುಕೊಂಡು ಫೋನ್ ಪಕ್ಕದಲ್ಲಿ ಕೂತಿದ್ದ ಗೆಳೆಯರಿಗೆ. ಅವರ ಕೈಯಲ್ಲಿ ಇದ್ದದ್ದು ಒಂದು ಹಾಳೆ: ದೋಣಿಗಳ ಬಣ್ಣ, ಡೇರೆಗಳ ಬಣ್ಣ, ಪ್ರತಿ ರಾತ್ರಿಯ ತಂಗುದಾಣ, ಗಾಳಿ ಎದ್ದರೆ ತಿರುಗುವ ಪರ್ಯಾಯ ದಡ, ಅಪಾಯದ ಸಂಕೇತ ಕಳಿಸುವ ತುರ್ತು ಬೀಕನ್‌ನ ನೋಂದಣಿ ವಿವರ, ಮತ್ತು ಎಷ್ಟು ಹೊತ್ತಿನವರೆಗೆ ಸುದ್ದಿ ಬರದಿದ್ದರೆ 999ಕ್ಕೆ ಕರೆದು ಕೋಸ್ಟ್‌ಗಾರ್ಡ್ ಕೇಳಬೇಕು ಎಂಬ ಗಡುವು. ಗಡುವನ್ನು ಮೊದಲೇ ಒಪ್ಪಿಕೊಂಡಿದ್ದರಿಂದ, ಫೋನ್ ಸಿಗ್ನಲ್ ಇಲ್ಲದ ಕಡೆ ಸಂಜೆ ತಡವಾದರೂ ಯಾರೂ ಗಾಬರಿಯಾಗಲಿಲ್ಲ. ಆ ಹಾಳೆಯ ಖಾಲಿ ಮಾದರಿ, ಎತ್ತುವ ಪಟ್ಟಿಗಳು, ಎನ್‌ಪಿ 218 ನಮ್ಮ ಬಳಿ ಇವೆ. ಬೇಕಾದ ತಂಡದವರು ಒಯ್ಯಬಹುದು. ಉಬ್ಬರದ ಪಟ್ಟಿಯನ್ನು ಮಾತ್ರ ಆ ವರ್ಷದ್ದೇ ಹೊಸದಾಗಿ ಕೊಳ್ಳಿ.