ಕಣ್ಣು ಹಳದಿಯಾದರೆ ರಕ್ತದ ಸ್ಲೈಡ್ ನೋಡಿಸಿ

ಮಾನ್ಯ ಸಂಪಾದಕರೇ,

ನಾನು ಗಂಗಾವತಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಕಣ್ಣು ಹಳದಿ, ಮೈಯಲ್ಲಿ ರಕ್ತ ಇಲ್ಲ ಅಂತ ಮಕ್ಕಳನ್ನು ಕರೆತರುತ್ತಾರೆ. ಅಷ್ಟರಲ್ಲಿ ಕಾಮಾಲೆಗೆ ನಾಟಿ ಔಷಧಿ, ಕಬ್ಬಿಣದ ಮಾತ್ರೆ ಎಲ್ಲಾ ಆಗಿರುತ್ತದೆ.

ಮೊನ್ನೆ ಒಂದು ಮಗುವಿನ ರಕ್ತವನ್ನು ಗಾಜಿನ ಸ್ಲೈಡ್ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೆಂಪು ಕಣಗಳು ಗೋಲಿಯಂತೆ ದುಂಡಗಿದ್ದವು. ನಡುವೆ ಇರಬೇಕಾದ ಬಿಳುಪೇ ಇಲ್ಲ. ಕಣದೊಳಗೆ ಹಿಮೋಗ್ಲೋಬಿನ್ ಎಷ್ಟು ದಟ್ಟವಾಗಿದೆ ಎಂದು ಹೇಳುವ ಎಂಸಿಎಚ್‌ಸಿ ಮಾಮೂಲಿಗಿಂತ ಹೆಚ್ಚಾಗಿ 36 ದಾಟಿತ್ತು. ಹೆರೆಡಿಟರಿ ಸ್ಫೆರೊಸೈಟೋಸಿಸ್ ಇರಬಹುದು ಎಂದು ಡಾಕ್ಟರಿಗೆ ತೋರಿಸಿದೆ. ಇದರಲ್ಲಿ ದುಂಡಗಾದ ಕೆಂಪು ಕಣ ಬೇಗ ಒಡೆದು ರಕ್ತ ಕಡಿಮೆಯಾಗುತ್ತದೆ, ಕಣ್ಣು ಹಳದಿಯಾಗುತ್ತದೆ. ಇದು ಅಪರೂಪದ ಕಾಯಿಲೆ, ಹೆಚ್ಚಾಗಿ ವಂಶದಲ್ಲೇ ಬರುತ್ತದೆ. ಥಲಸ್ಸೇಮಿಯಾ ಎಂಬ ಹಿಮೋಗ್ಲೋಬಿನ್ ಕಾಯಿಲೆಗೆ ಮಾಡುವ ಎಚ್‌ಪಿಎಲ್‌ಸಿ ಎಂಬ ರಕ್ತಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. ಕೆಟ್ಟಿರುವುದು ಹಿಮೋಗ್ಲೋಬಿನ್ ಅಲ್ಲ, ಕಣದ ಹೊರಪೊರೆ. ಉಪ್ಪು ಕಡಿಮೆ ಇರುವ ನೀರಿನಲ್ಲಿ ಇಂಥ ಕಣ ಬೇಗ ಒಡೆಯುತ್ತದೆ, ಹಾಗೆ ನೋಡುವುದೂ ಒಂದು ಪರೀಕ್ಷೆ. ಕಣದ ಹೊರಪೊರೆಗೆ ಬಣ್ಣ ಅಂಟಿಸಿ ನೋಡುವ ಇಎಂಎ ಪರೀಕ್ಷೆ ಇನ್ನೂ ನಿಖರ.

ಆ ಪರೀಕ್ಷೆಗಾಗಿ ಬಡವರು ಮಗುವನ್ನು ಎತ್ತಿಕೊಂಡು ದೂರದೂರಿಗೆ ಯಾಕೆ ಹೋಗಬೇಕು? ಕೊಪ್ಪಳದಲ್ಲೇ ಸ್ಯಾಂಪಲ್ ತೆಗೆದು ಕಳಿಸಬಹುದು ಅಲ್ವಾ? ಆರೋಗ್ಯ ಇಲಾಖೆ ಈ ವ್ಯವಸ್ಥೆ ಮಾಡಲಿ. ಒಡಹುಟ್ಟಿದವರ ರಕ್ತವನ್ನೂ ಜೊತೆಗೇ ನೋಡಲಿ.

– ಲ್ಯಾಬ್ ಟೆಕ್ನಿಷಿಯನ್, ಗಂಗಾವತಿ